ಹೊಳಪಿಗೂ ಒಂದು ಲೆಕ್ಕವಿದೆ



ಕಳೆದ ಸಂಚಿಕೆಯಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ತಿಕ್ಕಿ ಬೆಳಗುವ ಬಗ್ಗೆ ಬರೆದಿದ್ದೆನಷ್ಟೆ. ಓದಿ ಫೋನು ಮಾಡಿದವರೆಲ್ಲ ನನ್ನ ವಯಸ್ಸಿನ ಹೆಂಗಸರೇ. ಯಾರಿಗಾಗಿ ಈ ಅಂಕಣವನ್ನು ಬರೆಯುತ್ತಿದ್ದೇನೋ ಆ ನೀವು, ಇದೇ ಮುಂಬಯಿಯಲ್ಲಿ ಹುಟ್ಟಿ ಬೆಳೆದು ಮನೆಯಲ್ಲಿ ಕನ್ನಡ, ಹೊರಗೆ ಇನ್ನೇನೋ ಆಡುವವರು, ಒಬ್ಬರೂ ತುಟಿ ಬಿಚ್ಚಲಿಲ್ಲ. ಒಬ್ಬ ಹುಡುಗ ಮಾತ್ರ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಿ, "ಆಂಟಿ, ನಮ್ಮನೇಲಿ ಹಿತ್ತಾಳೆ ಪಾತ್ರೆಯೇ ಇಲ್ಲ. ಬೇರೆ ಏನಾದ್ರೂ ಬರೀರಿ" ಅಂದ. ನ್ಯಾಯವಾದ ಮಾತು. ಹಾಗಾಗಿ ಈ ಸಲ ದೋಣಿಯನ್ನು ಬೆಳಗುವ ವಿಷಯ.

ನಗಬೇಡಿ. ನನ್ನ ತಮ್ಮನ ಮಗ ಇಬ್ಬರು ಗೆಳೆಯರ ಜೊತೆ ಸೇರಿ, ಮೂವರ ಉಳಿತಾಯವನ್ನೂ ಒಟ್ಟು ಹಾಕಿ ಒಂದು ಹಳೆಯ ಹಾಯಿದೋಣಿ ಕೊಂಡಿದ್ದಾನೆ. ಇಪ್ಪತ್ತೆರಡು ಅಡಿ ಉದ್ದದ್ದು, ಫೈಬರ್ ಗ್ಲಾಸಿನದು, ಮೈ ಕಡುನೀಲಿ, ಮೇಲ್ಭಾಗ ಬಿಳಿ. ನೀಲಿ ಎಂದು ಕಾಗದಪತ್ರದಲ್ಲಿ ಇತ್ತು. ಕಣ್ಣಿಗೆ ಕಂಡದ್ದು ಹಲವು ಸಲ ಒಗೆದ ಶಾಲಾ ಸಮವಸ್ತ್ರದ ಬಣ್ಣ. ಕೈ ಇಟ್ಟರೆ ಅಂಗೈಗೆ ಬಳಪದ ಹುಡಿಯಂಥದ್ದು ಅಂಟುತ್ತಿತ್ತು. ಹಿಂದಿನ ಮಾಲೀಕರು ಅದನ್ನು ಮಾಂಡವಾದ ಆಚೆಗೆ ಒಂದು ಅಂಗಳದಲ್ಲಿ ಕೆಲವು ವರ್ಷ ಹೊದಿಕೆಯಿಲ್ಲದೆ ನಿಲ್ಲಿಸಿಟ್ಟಿದ್ದರಂತೆ. ಬಣ್ಣ ಬಳಿಯುವ ಗುತ್ತಿಗೆದಾರನೊಬ್ಬ ಬಂದು ನೋಡಿ, "ಇದರ ಚರ್ಮವೇ ಹೋಗಿದೆ, ಪೂರ್ತಿ ಕೆರೆದು ಹೊಸದಾಗಿ ಪೇಂಟ್ ಮಾಡಬೇಕು" ಎಂದು ಹೇಳಿದ ಮೊತ್ತ, ದೋಣಿಗೆ ಕೊಟ್ಟ ಬೆಲೆಯ ಅರ್ಧಕ್ಕಿಂತ ಹೆಚ್ಚು. ಮೂವರ ಮುಖವೂ ದೋಣಿಗಿಂತ ಹೆಚ್ಚು ಬಿಳಿಚಿಕೊಂಡಿತ್ತು. ಅಷ್ಟು ಹಣ ಅವರಲ್ಲಿರಲಿಲ್ಲ. ಮೂವರಲ್ಲಿ ಒಬ್ಬ ಆಗಲೇ ದೋಣಿಯನ್ನು ಮಾರಿಬಿಡೋಣ ಎನ್ನುತ್ತಿದ್ದ.

"ಅತ್ತೆ, ನೀವು ಒಂದ್ಸಲ ಬಂದು ಈ ಡಬ್ಬಿಗಳ ಮೇಲೆ ಏನು ಬರ್ದಿದೆ ಓದಿ ಹೇಳಿ" ಎಂದು ನನ್ನನ್ನು ಕರೆದ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ್ದಕ್ಕೆ ಈ ಜನ್ಮದಲ್ಲಿ ನನಗೆ ಸಿಕ್ಕ ಉದ್ಯೋಗವೆಂದರೆ ಹೆಚ್ಚಾಗಿ ಇದೇ: ಔಷಧಿಯ ಬಾಟಲಿ, ವಿಮೆಯ ಕಾಗದ, ಈಗ ದೋಣಿಯ ಪಾಲಿಶ್ ಡಬ್ಬಿ. ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ 2020ರಿಂದ ಓಡುತ್ತಿರುವ ರೋ-ರೋ ಹಡಗಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅವಲಕ್ಕಿ ಕಟ್ಟಿಕೊಂಡು ಹೊರಟೆ. ಆಮೇಲೆ ಎರಡು ಮೂರು ಭಾನುವಾರ ಹೋದೆ. ಓದಿದೆ, ಕೇಳಿದೆ, ನೋಡಿದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಈ ಫೈಬರ್ ದೋಣಿ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮನೆ ಕಟ್ಟುವಾಗ ಗೋಡೆ ಮೊದಲು, ಬಣ್ಣ ಕೊನೆಗೆ. ಇಲ್ಲಿ ತಲೆಕೆಳಗು. ದೋಣಿಯ ಆಕಾರದ ಒಂದು ಟೊಳ್ಳು ಅಚ್ಚು ಇರುತ್ತದೆ. ಅದರ ಒಳಮೈಯನ್ನು ಕನ್ನಡಿಯಂತೆ ನುಣುಪು ಮಾಡಿ, ಅಂಟಿಕೊಳ್ಳದಂತೆ ಮೇಣ ಸವರಿ, ಮೊಟ್ಟಮೊದಲು ಬಣ್ಣ ಬೆರೆಸಿದ ಪಾಲಿಯೆಸ್ಟರ್ ರಾಳದ ಒಂದು ಪದರವನ್ನು ಹಚ್ಚುತ್ತಾರೆ. ಇದೇ ಜೆಲ್ ಕೋಟ್. ಅದು ಗಟ್ಟಿಯಾಗುತ್ತ ಬಂದ ಮೇಲೆ ಗಾಜಿನ ನೂಲಿನ ಚಾಪೆಗಳನ್ನೂ ರಾಳವನ್ನೂ ಪದರ ಪದರವಾಗಿ ಹಾಸುತ್ತಾರೆ. ಎಲ್ಲ ಒಣಗಿ ಗಟ್ಟಿಯಾದಾಗ ಅಚ್ಚಿನಿಂದ ಕಳಚಿದರೆ, ಮೊದಲು ಹಚ್ಚಿದ ಪದರವೇ ಹೊರಮೈ. ಅಂಗಡಿಯ ಹೊಸ ದೋಣಿಗೆ ಇರುವ ಹೊಳಪು ಯಾರೋ ಉಜ್ಜಿ ತಂದದ್ದಲ್ಲ, ಅಚ್ಚಿನ ನುಣುಪು ಅದರ ಮೈಗೆ ಬಂದದ್ದು. ಇಡ್ಲಿ ತಟ್ಟೆಗೆ ಎಣ್ಣೆ ಸವರಿ ಇಡ್ಲಿ ಎಬ್ಬಿಸಿದ ಹಾಗೆಯೇ ಅನ್ನಿ.

ಈ ಜೆಲ್ ಕೋಟಿನ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ನಿಮ್ಮ ಕಿಸೆಯಲ್ಲಿರುವ ಎಟಿಎಂ ಕಾರ್ಡ್ ಮುಕ್ಕಾಲು ಮಿಲಿಮೀಟರ್ ದಪ್ಪ ಇದೆ, ಅದಕ್ಕಿಂತಲೂ ತೆಳು. ಅದರ ಹಿಂದೆ ಇರುವುದು ನೇರವಾಗಿ ಗಾಜಿನ ನೂಲು. ಈ ಅರ್ಧ ಮಿಲಿಮೀಟರನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದಿನ ಎಲ್ಲ ಮಾತೂ ಅದರ ಸುತ್ತಲೇ.

ಇನ್ನು ಆ ಬಿಳಿ ಹುಡಿ. ಇಂಗ್ಲಿಷಿನಲ್ಲಿ ಇದನ್ನು ಆಕ್ಸಿಡೇಶನ್ ಎನ್ನುತ್ತಾರೆ. ಆ ಮಾತು ಕೇಳಿದ ಕೂಡಲೇ ನನ್ನಂಥವಳಿಗೆ ಹೊಳೆಯುವುದು ಕಿಲುಬು. ಕಿಲುಬು ಎಂದರೆ ಏನೆಂದು ನಿಮ್ಮಮ್ಮನನ್ನು ಕೇಳಿ. ತಾಮ್ರ, ಹಿತ್ತಾಳೆಯ ಮೇಲೆ ಹಸಿರಾಗಿ ಕೂರುವಂಥದ್ದು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಅದು ಕರಗಿ ಹೋಗುತ್ತದೆ, ಅಡಿಯಲ್ಲಿ ಪಾತ್ರೆ ಪಾತ್ರೆಯಾಗಿಯೇ ಇರುತ್ತದೆ. ಬೆರಳಿನಷ್ಟು ದಪ್ಪದ ಹಂಡೆಯನ್ನು ಮೂರು ತಲೆಮಾರು ತಿಕ್ಕಿದರೂ ಸವೆಯುವುದು ಅಷ್ಟಕ್ಕಷ್ಟೆ. ದೋಣಿಯದು ಹಾಗಲ್ಲ. ಬಿಸಿಲಿನ ನೇರಳಾತೀತ ಕಿರಣಗಳು ರಾಳದ ಉದ್ದುದ್ದ ಅಣುಸರಪಳಿಗಳನ್ನು ತುಂಡು ಮಾಡುತ್ತವೆ, ಗಾಳಿಯ ಆಮ್ಲಜನಕ ಅದಕ್ಕೆ ಕೈ ಜೋಡಿಸುತ್ತದೆ. ಮೇಲಿನ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳೇಳುತ್ತವೆ, ಬಣ್ಣದ ಕಣಗಳನ್ನು ಹಿಡಿದಿಟ್ಟಿದ್ದ ರಾಳ ಸಡಿಲವಾಗುತ್ತದೆ. ಉಪ್ಪು, ಕೊಳೆ ಆ ಗುಂಡಿಗಳಲ್ಲಿ ಮನೆ ಮಾಡುತ್ತವೆ. ಕೈಗೆ ಅಂಟುವ ಹುಡಿ ಹೊರಗಿನಿಂದ ಬಂದು ಕೂತ ಧೂಳಲ್ಲ. ದೋಣಿಯ ಚರ್ಮವೇ ಪುಡಿಯಾದದ್ದು. ಆದ್ದರಿಂದ ಇದನ್ನು "ತೆಗೆಯುವುದು" ಎಂದರೆ ಅಷ್ಟು ಚರ್ಮವನ್ನು ತೆಗೆದು ಅದರಡಿಯ ಆರೋಗ್ಯದ ಪದರವನ್ನು ಹೊರಕ್ಕೆ ತರುವುದು. ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ನಮ್ಮ ಕಡೆ ಕಲಾಯಿಯವನು ಬಂದು ಪಾತ್ರೆಗೆ ಹೊಸದಾಗಿ ತವರ ಹಚ್ಚಿಕೊಟ್ಟು ಹೋಗುವಂಥ ಸುಲಭ ಉಪಾಯ ಇದಕ್ಕಿಲ್ಲ.

ಕಡು ಬಣ್ಣದ ದೋಣಿಯಲ್ಲಿ ಇದು ಬೇಗ ಎದ್ದು ಕಾಣುತ್ತದೆ. ಬಿಳಿಯದು ಹುಡಿಯಾದರೂ ಬಿಳಿಯೇ ಆದ್ದರಿಂದ ಕಣ್ಣಿಗೆ ತಪ್ಪಿಸಿಕೊಳ್ಳುತ್ತದೆ.

ಗುತ್ತಿಗೆದಾರನ ಮಾತಿಗೆ ಬರೋಣ. ಚರ್ಮ ನಿಜವಾಗಿ ಹೋಗಿದೆಯೇ ಎಂದು ತಿಳಿಯಲು ಯಂತ್ರ ಬೇಡ, ಒಂದು ಚೊಂಬು ನೀರು ಸಾಕು. ಮಂಕಾದ ಜಾಗದ ಮೇಲೆ ನೀರು ಹಾಕಿ. ಒದ್ದೆಯಾದಾಗ ಹಳೆಯ ಬಣ್ಣ ಗಾಢವಾಗಿ ತಿರುಗಿ ಬಂದು, ಒಣಗಿದಾಗ ಮತ್ತೆ ಮಂಕಾದರೆ, ಅಡಿಯಲ್ಲಿ ಬಣ್ಣದ ಪದರ ಉಳಿದಿದೆ, ಪಾಲಿಶಿನಿಂದ ಬದುಕುತ್ತದೆ ಎಂದು ಬಹುಮಟ್ಟಿಗೆ ನಂಬಬಹುದು. ಒದ್ದೆಯಾದರೂ ಗಾಜಿನ ನೂಲಿನ ನೇಯ್ಗೆ ಜರಡಿಯ ಹಾಗೆ ಕಂಡರೆ ಅಲ್ಲಿ ಮುಗಿಯಿತು. ನಾವು ದೋಣಿಯ ಸುತ್ತ ಚೊಂಬು ಹಿಡಿದು ಪ್ರದಕ್ಷಿಣೆ ಹಾಕಿದೆವು. ಸುತ್ತಲೂ ನೀಲಿ ಎದ್ದು ಬಂತು. ಮೂತಿಯ ಏಣು ಒಂದನ್ನು ಬಿಟ್ಟು. ಅಲ್ಲಿ ಅಂಗೈಯಷ್ಟು ಜಾಗದಲ್ಲಿ ನೇಯ್ಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಿಂದೆಂದೋ ಯಾರೋ ಒಬ್ಬ ಕೆಲಸಗಾರ ಕಬ್ಬಿಣ ಉಜ್ಜುವ ಗ್ರೈಂಡರಿಗೇ ಉಣ್ಣೆಯ ಬಿಲ್ಲೆ ಸಿಕ್ಕಿಸಿ ಹೊಳಪು ಕೊಡಲು ಹೋಗಿದ್ದನಂತೆ. ಆ ಯಂತ್ರ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವಂಥದ್ದು. ಪಾಲಿಶ್ ಯಂತ್ರಕ್ಕೆ ಬೇಕಾದದ್ದು ಸಾವಿರದಿಂದ ಎರಡು ಸಾವಿರದ ಒಳಗೆ. ಅಂಗೈಯಷ್ಟು ಜಾಗ ಸವೆಯಲು ಅವನಿಗೆ ಅರ್ಧ ನಿಮಿಷ ಕೂಡ ಹಿಡಿದಿರಲಿಕ್ಕಿಲ್ಲ.

ಇನ್ನೊಂದು ಸಂಗತಿಯೂ ಆಗ ಕಣ್ಣಿಗೆ ಬಿತ್ತು. ಎಷ್ಟೋ ವರ್ಷ ಒಂದೇ ಕಡೆ ಮುಖ ಮಾಡಿ ನಿಂತಿದ್ದರಿಂದ ದಕ್ಷಿಣಕ್ಕಿದ್ದ ಮಗ್ಗುಲು ಬಹಳ ಕೆಟ್ಟಿತ್ತು, ಉತ್ತರದ್ದು ಅಷ್ಟಿಲ್ಲ. ಒಂದೇ ದೋಣಿ, ಎರಡು ಕಾಯಿಲೆ. ಹಾಗಿರುವಾಗ ಎರಡಕ್ಕೂ ಒಂದೇ ಮದ್ದು ಯಾಕೆ?

ಈಗ ಆ ಡಬ್ಬಿಗಳು. ಹುಡುಗರು ಏಳು ಬಗೆ ತಂದಿಟ್ಟುಕೊಂಡಿದ್ದರು, ಎಲ್ಲದರ ಮೇಲೂ ಹೊಳೆಯುವ ದೋಣಿಯ ಚಿತ್ರ. ಓದಿ ನೋಡಿದರೆ ಇರುವುದು ಮೂರೇ ಜಾತಿ. ಒಂದು, ರಬ್ಬಿಂಗ್ ಕಾಂಪೌಂಡ್: ಇದರಲ್ಲಿ ಉಜ್ಜುವ ಹರಳು ಇರುತ್ತದೆ, ಚರ್ಮ ಕೆತ್ತುತ್ತದೆ. ಎರಡು, ಪಾಲಿಶ್: ಇದರಲ್ಲೂ ಹರಳು ಇದೆ, ಆದರೆ ನುಣ್ಣನೆಯದು, ಕಾಂಪೌಂಡ್ ಬಿಟ್ಟ ಗೀರುಗಳನ್ನು ಸರಿಮಾಡುತ್ತದೆ. ಮೂರು, ವ್ಯಾಕ್ಸ್, ಅಂದರೆ ಮೇಣ: ಇದು ಏನನ್ನೂ ತೆಗೆಯುವುದಿಲ್ಲ, ಮೇಲೆ ಕೂತು ಕಾಯುತ್ತದೆ. ಹುಡಿಯಾದ ಮೈ ಮೇಲೆ ನೇರವಾಗಿ ಮೇಣ ಹಚ್ಚಿದರೂ ಹೊಳೆಯುತ್ತದೆ, ಗುಂಡಿಗಳು ತಾತ್ಕಾಲಿಕವಾಗಿ ತುಂಬಿಕೊಳ್ಳುವುದರಿಂದ. ಕೆಲವು ವಾರಗಳಲ್ಲಿ ಮತ್ತೆ ಅದೇ ಮುಖ. ಮಾರಲು ನಿಂತ ಹಳೆಯ ದೋಣಿಯೊಂದು ವಿಪರೀತ ಮಿನುಗುತ್ತಿದ್ದರೆ ಈ ಮಾತು ನೆನಪಿರಲಿ. "ಒಂದೇ ಹೆಜ್ಜೆಯಲ್ಲಿ ಎಲ್ಲವೂ" ಎಂದು ಬರೆದ ಡಬ್ಬಿಗಳೂ ಇದ್ದವು. ನುಣ್ಣನೆ ಹರಳನ್ನೂ ಮೇಣವನ್ನೂ ಒಟ್ಟಿಗೆ ಕಲಸಿದ್ದು. ಅಲ್ಪಸ್ವಲ್ಪ ಮಂಕಾದದ್ದಕ್ಕೆ ಆದೀತು. ಶಾಂಪೂ ಮತ್ತು ಕಂಡೀಶನರ್ ಒಂದೇ ಬಾಟಲಿಯಲ್ಲಿ ಬರುತ್ತದಲ್ಲ, ಅದರ ಬಗ್ಗೆ ನನಗೆ ಎಷ್ಟು ವಿಶ್ವಾಸವೋ ಇದರ ಮೇಲೂ ಅಷ್ಟೆ.

ಕಾರಿಗೆಂದು ಮಾಡಿದ ಕೆಲವು ಪಾಲಿಶುಗಳಲ್ಲಿ ಸಿಲಿಕೋನ್ ಇರುತ್ತದೆ. ಅದು ಮೈಯಲ್ಲಿ ಉಳಿದುಬಿಟ್ಟರೆ ಮುಂದೆಂದಾದರೂ ಪೇಂಟ್ ಮಾಡಬೇಕಾದಾಗ ಬಣ್ಣ ಸರಿಯಾಗಿ ಹಿಡಿಯದೆ ಮೀನಿನ ಕಣ್ಣಿನಂಥ ಗುಳಿಗಳೇಳುತ್ತವೆ. ಏಳು ಡಬ್ಬಿಗಳಲ್ಲಿ ಎರಡನ್ನು ಆ ಕಾರಣಕ್ಕೆ ಪಕ್ಕಕ್ಕಿಡಿಸಿದೆ.

ಕೆಲಸ ಶುರುವಾಗುವುದು ತೊಳೆಯುವುದರಿಂದ. ಸಿಹಿನೀರು, ಮೃದುವಾದ ಸೋಪು, ಮೇಲಿನಿಂದ ಕೆಳಕ್ಕೆ. ಉಪ್ಪಿನ ಹರಳು ಒಂದು ಉಳಿದರೂ ಅದು ಬಟ್ಟೆಯ ಅಡಿಯಲ್ಲಿ ಸಿಕ್ಕಿ ಗೀರು ಹಾಕುತ್ತದೆ. ಹಳೆಯ ಮೇಣ ಉಳಿದಿದ್ದರೆ ಅದನ್ನು ದ್ರಾವಕ ಹಚ್ಚಿದ ಬಟ್ಟೆಯಿಂದ ಒರೆಸಿ ತೆಗೆಯಬೇಕು. ನೀರಿನ ಮಟ್ಟದ ಗುಂಟ ಹಳದಿ, ಕಂದು ಕಲೆಗಳಿರುತ್ತವೆ. ಅವನ್ನು ಕೆರೆಯಬೇಕಾಗಿಲ್ಲ, ಆಕ್ಸಾಲಿಕ್ ಆಮ್ಲ ಇರುವ ಕಲೆ ತೆಗೆಯುವ ದ್ರಾವಣ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಹೋಗುತ್ತವೆ. ನಮ್ಮ ಕರಾವಳಿಯ ಹಿತ್ತಲಲ್ಲಿ ಬೆಳೆಯುವ ಬಿಂಬುಳಿಯ ಹುಳಿಯಲ್ಲಿರುವುದೂ ಇದೇ ಆಮ್ಲ. ಅದನ್ನು ಹಿಚುಕಿ ಹಿತ್ತಾಳೆ ತಿಕ್ಕುವುದನ್ನು ಊರಿಗೆ ಹೋದಾಗ ನೀವು ಕಂಡಿರಬಹುದು. ಆದರೆ ಅಂಗಡಿಯಲ್ಲಿ ಸಿಗುವುದು ಬಿಂಬುಳಿಯಲ್ಲ, ವಿಷ. ಕೈಗವಸು ಕಡ್ಡಾಯ.

ಆಮೇಲಿನದೇ ಮುಖ್ಯ ವಿಷಯ. ನನ್ನ ಸೋದರಳಿಯನ ಗೆಳೆಯನೊಬ್ಬ ಮೊಬೈಲಿನಲ್ಲಿ ಎಷ್ಟೋ ವೀಡಿಯೋ ನೋಡಿ ಬಂದಿದ್ದ. ಎಲ್ಲದರಲ್ಲೂ ಒಬ್ಬಾತ ಯಂತ್ರ ಹಿಡಿದು ಅರ್ಧ ನಿಮಿಷದಲ್ಲಿ ಮಂಕು ಮೈಯ ನಡುವೆ ಕನ್ನಡಿಯಂಥ ಪಟ್ಟೆ ಎಬ್ಬಿಸುತ್ತಾನೆ. ಅವನ ಕೈ ಆಗಲೇ ಎಲ್ಲಕ್ಕಿಂತ ಒರಟು ಕಾಂಪೌಂಡಿನ ಡಬ್ಬಿಯ ಮೇಲಿತ್ತು. "ಹೇಗೂ ಕೆಟ್ಟಿದೆ ಆಂಟಿ, ಸ್ಟ್ರಾಂಗ್ ಆಗಿರೋದೇ ಹಾಕಿಬಿಡೋಣ, ಒಂದು ದಿನದಲ್ಲಿ ಮುಗಿಯುತ್ತೆ" ಅಂದ. ಆ ವೀಡಿಯೋಗಳು ತೋರಿಸುವುದು ಏನು ಬಂತು ಎಂಬುದನ್ನು. ಎಷ್ಟು ಹೋಯಿತು ಎಂಬುದನ್ನಲ್ಲ. ಅರ್ಧ ಮಿಲಿಮೀಟರಿನ ಗಂಟಿನಲ್ಲಿ ಈ ದೋಣಿ ಇನ್ನೂ ಎಷ್ಟು ವರ್ಷ ಬಾಳಬೇಕೆಂದು ನೀವು ಲೆಕ್ಕ ಹಾಕಿದ್ದೀರಿ ಎಂದು ಕೇಳಿದೆ. ಮೂವರೂ ಸುಮ್ಮನಾದರು.

ತಿಳಿದವರು ಮಾಡುವ ಕ್ರಮ ಇದು. ಒಂದು ಅಡಿ ಚೌಕದ ಜಾಗವನ್ನು ಅಂಟುಪಟ್ಟಿ ಹಚ್ಚಿ ಗುರುತು ಮಾಡಿ, ಎಲ್ಲಕ್ಕಿಂತ ಮೆತ್ತಗಿನದರಿಂದ ಆರಂಭಿಸಬೇಕು. ಬರೀ ಪಾಲಿಶ್, ಅದೂ ಕೈಯಲ್ಲಿ. ಸಾಲದಾದರೆ ಪಾಲಿಶ್, ಯಂತ್ರದಲ್ಲಿ. ಅದೂ ಸಾಲದಾದರೆ ನುಣ್ಣನೆಯ ಕಾಂಪೌಂಡ್, ಆಮೇಲೆ ಒರಟು ಕಾಂಪೌಂಡ್. ಕಟ್ಟಕಡೆಗೆ ವಾಟರ್ ಪೇಪರ್. ಎಲ್ಲಿ ಹೊಳಪು ಬಂದು ನಿಲ್ಲುತ್ತದೋ ಅಲ್ಲಿಗೆ ನಿಲ್ಲಿಸಿ, ಉಳಿದ ಮೈಗೂ ಅದನ್ನೇ ಬಳಸಬೇಕು. ಸಾರಿಗೆ ಉಪ್ಪು ಹಾಕುವ ಕ್ರಮವೂ ಇದೇ ತಾನೆ? ಮೇಲೆ ಹಾಕಬಹುದು, ತೆಗೆಯಲಾಗುವುದಿಲ್ಲ.

ಹೀಗೆ ಮಾಡಿ ನೋಡಿದಾಗ ಉತ್ತರದ ಮಗ್ಗುಲಿಗೆ ನುಣ್ಣನೆಯ ಕಾಂಪೌಂಡ್ ಸಾಕಾಯಿತು. ದಕ್ಷಿಣದ ಮಗ್ಗುಲು ಜಗ್ಗಲಿಲ್ಲ. ಒರಟು ಕಾಂಪೌಂಡಿಗೂ ಅರ್ಧಂಬರ್ಧ ಬಣ್ಣ ಬಂದು ಅಲ್ಲಲ್ಲಿ ಮೋಡ ಕವಿದ ಹಾಗೆ ಉಳಿಯಿತು. ಅಲ್ಲಿ ಮಾತ್ರ ವಾಟರ್ ಪೇಪರಿಗೆ ಇಳಿಯಬೇಕಾಯಿತು. ವಾಟರ್ ಪೇಪರಿನ ಸಂಖ್ಯೆ ಏರಿದಷ್ಟೂ ಹರಳು ನುಣುಪು. 1000ದಿಂದ ಆರಂಭಿಸಿ 1500, 2000 ಎಂದು ಮೇಲೇರಿದರು. ಪ್ರತಿ ಹಂತವೂ ಹಿಂದಿನದರ ಗೀರನ್ನು ಅಳಿಸಲಿಕ್ಕೆ. ಕಾಗದವನ್ನು ನೇರ ಬೆರಳಿನಿಂದ ಒತ್ತಬಾರದು, ಬೆರಳಿನ ಗುರುತಿಗೆ ಸರಿಯಾಗಿ ಕಾಲುವೆ ಬೀಳುತ್ತದೆ. ರಬ್ಬರಿನ ಅಥವಾ ಸ್ಪಂಜಿನ ತುಂಡಿಗೆ ಸುತ್ತಿಕೊಳ್ಳಬೇಕು. ಬಕೆಟ್ಟಿನಲ್ಲಿ ನೀರು, ನೀರಿನಲ್ಲಿ ನಾಲ್ಕು ಹನಿ ಸೋಪು, ಕಾಗದ ಸದಾ ಒದ್ದೆ. ಗುರುತಿಗೆಂದು ಮೈ ಮೇಲೆ ಪೆನ್ಸಿಲಿನಲ್ಲಿ ಅಡ್ಡಾದಿಡ್ಡಿ ಗೆರೆ ಎಳೆದುಕೊಂಡರೆ, ಗೆರೆ ಅಳಿದ ಕಡೆ ನಿಲ್ಲಿಸಬಹುದು. ಈ ಉಪಾಯ ನನಗೆ ಬಹಳ ಹಿಡಿಸಿತು. ಕೈ ಕೆಲಸ ಮಾಡುವವರು ಕಣ್ಣಿಗೆ ಹೀಗೊಂದು ಲೆಕ್ಕ ಕೊಟ್ಟುಕೊಳ್ಳುತ್ತಾರೆ.

ಯಂತ್ರದ ವಿಷಯದಲ್ಲಿ ನಾಲ್ಕು ಮಾತು. ಉಣ್ಣೆಯ ಪ್ಯಾಡ್ ಕೆತ್ತುತ್ತದೆ, ಫೋಮಿನದು ಮೆರುಗು ಕೊಡುತ್ತದೆ. ಕಾಂಪೌಂಡಿಗೆ ಅದು, ಪಾಲಿಶಿಗೆ ಇದು, ಅದಲುಬದಲು ಮಾಡಬಾರದು. ಕಾಂಪೌಂಡನ್ನು ಮೊದಲು ಪ್ಯಾಡಿನಿಂದ ಮೈಗೆ ಸವರಿ ಆಮೇಲೆ ಗುಂಡಿ ಒತ್ತಬೇಕು. ಮೊದಲೇ ಒತ್ತಿದರೆ ಅದು ನಿಮ್ಮ ಅಂಗಿಗೆ. ಎರಡಡಿ ಚೌಕಕ್ಕಿಂತ ಹೆಚ್ಚು ಜಾಗ ಒಮ್ಮೆಗೆ ಹಿಡಿಯಬಾರದು. ಅಡ್ಡಡ್ಡ ಒಂದು ಸಲ, ಉದ್ದುದ್ದ ಒಂದು ಸಲ, ಯಂತ್ರ ಒಂದೇ ಕಡೆ ಕ್ಷಣವೂ ನಿಲ್ಲಬಾರದು. ನಿಂತರೆ ಬಿಸಿಯೇರಿ ರಾಳ ಸುಡುತ್ತದೆ. ಆಗಾಗ ಅಂಗೈ ಇಟ್ಟು ನೋಡಿ: ಬೆಚ್ಚಗಿದ್ದರೆ ಸರಿ, ಸುಡುವಂತಿದ್ದರೆ ಬಿಡುವು. ನಮ್ಮ ಹುಡುಗರು ಕೆಲಸಕ್ಕಿಳಿದದ್ದು ಮಳೆ ಮುಗಿದ ಅಕ್ಟೋಬರಿನಲ್ಲಿ. ಆ ತಿಂಗಳ ಸೆಕೆ ನಿಮಗೇ ಗೊತ್ತು. ಬಿಸಿಲು ಬಿದ್ದ ನೀಲಿ ಮೈ ಕಾವಲಿಯ ಹಾಗೆ ಕಾದು, ಕಾಂಪೌಂಡ್ ಹಚ್ಚುವ ಮೊದಲೇ ಒಣಗಿ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಬೆಳಗ್ಗೆ ಒಂದು ಮಗ್ಗುಲು, ಬಿಸಿಲು ಆಚೆ ತಿರುಗಿದ ಮೇಲೆ ಇನ್ನೊಂದು, ನಡುಮಧ್ಯಾಹ್ನ ನನ್ನ ಅವಲಕ್ಕಿ.

ಏಣು, ಮೂಲೆ, ತಿರುವುಗಳ ಹತ್ತಿರ ಯಂತ್ರ ತರಲೇಬೇಡಿ. ಅಲ್ಲಿ ಒತ್ತಡವೆಲ್ಲ ಒಂದು ಗೆರೆಯ ಮೇಲೆ ಬೀಳುವುದರಿಂದ ಪದರ ಬಹಳ ಬೇಗ ಸವೆದು ಹೋಗುತ್ತದೆ. ಮೂತಿಯಲ್ಲಿ ಆಗಿದ್ದು ಅದೇ. ಅಂಟುಪಟ್ಟಿ ಹಚ್ಚಿ ಮುಚ್ಚಿಟ್ಟು, ಕೊನೆಗೆ ಕೈಯಲ್ಲೇ ಮಾಡಿ.

ಮೊದಲ ಪಟ್ಟೆ ಹೊಳೆದಾಗ ಮೂವರೂ ಕುಣಿದರು. ಕುಣಿಯಲಿ, ಚೆನ್ನಾಗಿತ್ತು, ದೋಣಿಯಲ್ಲಿ ಎದುರಿನ ತೆಂಗಿನಮರ ಕಾಣುತ್ತಿತ್ತು. ನಾನು ಪ್ಯಾಡನ್ನು ತಿರುಗಿಸಿ ತೋರಿಸಿದೆ. ಬಿಳಿಯ ಉಣ್ಣೆ ಪೂರ್ತಿ ನೀಲಿಯಾಗಿತ್ತು. "ಇದೂ ದೋಣಿಯೇ ಕಣೋ" ಅಂದೆ. ಸೋದರಳಿಯ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದ. ಆಮೇಲಿಂದ ಅವನು ಪ್ರತಿ ಚೌಕಕ್ಕೂ ಎಷ್ಟು ಸಲ ಯಂತ್ರ ಆಡಿಸಿದೆ ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದ, ಮುಂದಿನ ಸಲಕ್ಕೆ ಲೆಕ್ಕ ಸಿಗಲೆಂದು. ಇದನ್ನು ನಾನು ಹೇಳಿಕೊಟ್ಟದ್ದಲ್ಲ. ಅಂಟುಪಟ್ಟಿಯ ಮೇಲೆ ಸಂಖ್ಯೆ ಬರೆದು, ದೋಣಿಯ ಚಿತ್ರ ಬಿಡಿಸಿ, ಯಾವ ಚೌಕಕ್ಕೆ ಯಾವ ಮದ್ದು ಎಂದು ಆಸ್ಪತ್ರೆಯ ಚಾರ್ಟಿನ ಹಾಗೆ ಬರೆದಿದ್ದಾನೆ. ಅವನ ಅಮ್ಮನ ಹತ್ತಿರ ಹೇಳಿದರೆ ನಂಬಲಿಲ್ಲ. ಹತ್ತನೇ ತರಗತಿಯಲ್ಲಿ ಅವನ ನೋಟುಬುಕ್ಕನ್ನು ಅವಳು ನೋಡಿದವಳು.

ಹುಡಿಯ ಬಗ್ಗೆ ಎಚ್ಚರ. ಒಣಗಿದ ಕಾಂಪೌಂಡೂ ರಾಳದ ಪುಡಿಯೂ ಸೇರಿ ಎದ್ದು ಮೂಗಿಗೆ ಹೋಗುತ್ತದೆ. ಕರ್ಚೀಫು ಕಟ್ಟಿಕೊಂಡರೆ ಸಾಲದು, ಸಣ್ಣ ಧೂಳು ತಡೆಯುವ ಒಳ್ಳೆಯ ಮುಖಗವಸೇ ಬೇಕು, ಕಣ್ಣಿಗೆ ಕನ್ನಡಕ ಬೇಕು. ವಾಟರ್ ಪೇಪರಿನಿಂದ ಇಳಿಯುವ ನೀಲಿ ನೀರನ್ನು ನೆಲಕ್ಕೆ ಬಿಡದೆ ತಾಡಪತ್ರಿ ಹಾಸಿ ಹಿಡಿದುಕೊಳ್ಳಬೇಕು. ಅಲ್ಲಿಂದ ಸಮುದ್ರ ದೂರವಿಲ್ಲ. ಅಂದ ಹಾಗೆ ನೀರಿನ ಮಟ್ಟಕ್ಕಿಂತ ಕೆಳಗಿನ ಭಾಗಕ್ಕೆ ಕೈ ಹಾಕಬೇಡಿ. ಅಲ್ಲಿರುವುದು ಚಿಪ್ಪು, ಪಾಚಿ ಹಿಡಿಯದಂತೆ ಹಚ್ಚುವ ವಿಷದ ಬಣ್ಣ, ಸಾಮಾನ್ಯವಾಗಿ ತಾಮ್ರ ಇರುವಂಥದ್ದು. ಅದನ್ನು ಒಣಗಿದಾಗ ಉಜ್ಜಿ ಹುಡಿ ಎಬ್ಬಿಸುವುದು ತೀರ ಅಪಾಯ. ಕಾಲು ಜಾರದಂತೆ ಒರಟಾಗಿ ಮಾಡಿದ ಮೇಲ್ಭಾಗಕ್ಕೂ ಪಾಲಿಶ್, ಮೇಣ ಎರಡೂ ಬೇಡ. ಅಲ್ಲಿ ಹೊಳಪು ತಂದವನು ಮೊದಲು ಜಾರಿ ಬೀಳುತ್ತಾನೆ.

ಪಾಲಿಶಿನಿಂದ ಆಗದ ಕೆಲಸಗಳೂ ಇವೆ. ನಕ್ಷತ್ರದ ಹಾಗೆ ಒಡೆದ ಸಣ್ಣ ಬಿರುಕುಗಳು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅವನ್ನು ಅಗಲ ಮಾಡಿ ಹೊಸ ಜೆಲ್ ಕೋಟ್ ತುಂಬಬೇಕು. ನಮ್ಮ ಮೂತಿಯ ಗಾಯಕ್ಕೂ ಅದೇ ಚಿಕಿತ್ಸೆ. ರಾಳಕ್ಕೆ ಗಟ್ಟಿಯಾಗಿಸುವ ದ್ರವವನ್ನು ಹನಿ ಲೆಕ್ಕದಲ್ಲಿ ಬೆರೆಸುತ್ತಾರೆ. ಅದು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದಾದಷ್ಟು ಕ್ರೂರ, ಹಾಗಾಗಿ ಆ ಕೆಲಸಕ್ಕೆ ಬಲ್ಲವನೊಬ್ಬನನ್ನು ಕರೆಸಿ ಎಂದು ನಾನು ಪಟ್ಟು ಹಿಡಿದೆ. ಇನ್ನೊಂದು ವಿಚಿತ್ರವೂ ಅದರಲ್ಲಿದೆ: ಜೆಲ್ ಕೋಟ್ ಗಾಳಿಗೆ ತೆರೆದಿದ್ದರೆ ಮೇಲ್ಮೈ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಅಚ್ಚಿನೊಳಗೆ ಗಾಳಿ ತಾಗುವುದಿಲ್ಲ, ಇಲ್ಲಿ ತಾಗುತ್ತದೆ. ಅದಕ್ಕೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚುತ್ತಾರೆ, ಇಲ್ಲವೇ ಮೇಣ ಬೆರೆತ ರಾಳ ಬಳಸುತ್ತಾರೆ. ಬಿಸಿಲಿಗೆ ಮಾಸಿದ ನೀಲಿಗೆ ಹೊಸ ನೀಲಿ ಹೊಂದುವುದೇ ಇಲ್ಲ ಎಂದು ಬಂದಾತ ಮೊದಲೇ ಹೇಳಿದ. ಹೊಂದಲಿಲ್ಲ. ಇರಲಿ, ಹಳೆಯ ಸೀರೆಯ ತೇಪೆ.

ಐದು ವಾರದ ಶನಿವಾರ, ಭಾನುವಾರಗಳು ಹೋದವು. ಗುತ್ತಿಗೆದಾರ ಹೇಳಿದ ಮೊತ್ತದ ಒಂದು ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಿತು. ಮಾರೋಣ ಎನ್ನುತ್ತಿದ್ದವನೇ ಈಗ ಎಲ್ಲರಿಗಿಂತ ಮೊದಲು ಧಕ್ಕೆಗೆ ಬಂದು ನಿಲ್ಲುತ್ತಾನೆ. ಆ ಗುತ್ತಿಗೆದಾರ ಸುಳ್ಳುಗಾರನೆಂದು ನಾನು ಹೇಳುತ್ತಿಲ್ಲ. ಎಂದಾದರೊಂದು ದಿನ ಈ ದೋಣಿಗೆ ಪೇಂಟ್ ಬೇಕೇ ಆಗುತ್ತದೆ. ಅದನ್ನು ಈ ವರ್ಷವೇ ಮಾಡಬೇಕಾಗಿರಲಿಲ್ಲ, ಅಷ್ಟೆ. ಒರಟು ಕಾಂಪೌಂಡಿನಲ್ಲಿ ಪ್ರತಿ ವರ್ಷ ಉಜ್ಜಿದರೆ ಆ ದಿನ ಬೇಗ ಬರುತ್ತದೆ.

ದೂರ ಹೋಗಬೇಕಾದರೆ ಮೇಣ. ಈ ಕೆಲಸಕ್ಕೆ ಹೆಸರಾದದ್ದು ಕಾರ್ನೌಬಾ ಮೇಣ, ಬ್ರೆಜಿಲಿನ ಒಂದು ಜಾತಿಯ ತಾಳೆಮರದ ಎಲೆಯಿಂದ ತೆಗೆಯುವಂಥದ್ದು. ಈಗ ಕಾರ್ಖಾನೆಯಲ್ಲಿ ತಯಾರಾದ ಪಾಲಿಮರ್ ಲೇಪಗಳೂ ಇವೆ. ತೆಳ್ಳಗೆ ಹಚ್ಚಿ, ಮಸುಕಾಗಿ ಒಣಗಿದ ಮೇಲೆ ಒರೆಸಿ, ಇನ್ನೊಂದು ಸಲ ಹಚ್ಚುವುದು. ದಪ್ಪಗೆ ಹಚ್ಚಿದರೆ ಹೆಚ್ಚು ಕಾಯುವುದಿಲ್ಲ, ಒರೆಸುವವನ ಕೈ ನೋಯುತ್ತದೆ ಅಷ್ಟೆ. ನಮ್ಮ ಬಿಸಿಲಿಗೆ ಇದು ಕೆಲವೇ ತಿಂಗಳು. ನೀರು ಚಿಮುಕಿಸಿದಾಗ ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಗಟ್ಟಿ ನಿಂತರೆ ಮೇಣ ಇದೆ. ಹಾಳೆಯಂತೆ ಹರಡಿಕೊಂಡರೆ ಹೋಗಿದೆ, ಮತ್ತೆ ಹಚ್ಚಿ. ಪಾತ್ರೆ ತೊಳೆಯುವ ಸೋಪಿನಲ್ಲಿ ದೋಣಿ ತೊಳೆದರೆ ಜಿಡ್ಡಿನ ಜೊತೆ ಮೇಣವೂ ಹೋಗುತ್ತದೆ. ಪಾತ್ರೆಯ ಜಿಡ್ಡು ತೆಗೆಯಲೆಂದೇ ಮಾಡಿದ್ದು ಅದು, ಪಾಪ.

ನನ್ನ ತವರು ಗಂಗೊಳ್ಳಿಯ ಹತ್ತಿರ. ಮರದ ದೋಣಿಗಳನ್ನು ಮಳೆಗಾಲಕ್ಕೆ ಮುನ್ನ ದಡಕ್ಕೆಳೆದು, ಮೀನೆಣ್ಣೆಯೋ ಗೇರುಬೀಜದ ಸಿಪ್ಪೆಯ ಎಣ್ಣೆಯೋ ಹಚ್ಚಿ, ಮಡಲಿನ ಚಪ್ಪರದ ಅಡಿ ಮಲಗಿಸುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಆ ವಾಸನೆ ಇಡೀ ಕೇರಿಗೇ ಬರುತ್ತಿತ್ತು. ಫೈಬರ್ ಬಂದ ಮೇಲೆ "ಇದಕ್ಕೇನೂ ಮಾಡುವುದು ಬೇಡ ಮಾರಾಯ್ರೆ, ಕೊಳೆಯುವುದಿಲ್ಲ" ಎಂಬ ಮಾತು ಹುಟ್ಟಿತು. ಕೊಳೆಯುವುದಿಲ್ಲ ನಿಜ. ಆದರೆ ನೆರಳು ಇದಕ್ಕೂ ಬೇಕು. ಎಲ್ಲ ಮೇಣಕ್ಕಿಂತ ಒಳ್ಳೆಯ ಮೇಣ ನೆರಳೇ.

ಮೇ ಕೊನೆಗೆ ಮಳೆಗಾಲಕ್ಕೆಂದು ದೋಣಿ ಮತ್ತೆ ದಡಕ್ಕೆ ಬರುತ್ತದೆ. ಈ ಸಲ ಮೂತಿ ಹಿಂದಿನ ದಿಕ್ಕಿಗಲ್ಲ, ಬೇರೆ ದಿಕ್ಕಿಗೆ ಎಂದು ನಿಶ್ಚಯಿಸಿದ್ದಾರೆ. ತಾಡಪತ್ರಿಯನ್ನು ನೇರವಾಗಿ ಮೈ ಮೇಲೆ ಹೊದಿಸಿದರೆ ಗಾಳಿಗೆ ಪಟಪಟ ಬಡಿದು ಈಗ ತಂದ ಹೊಳಪನ್ನೆಲ್ಲ ಅದೇ ತಿಂದುಬಿಡುತ್ತದೆ. ಆದ್ದರಿಂದ ಕೆಳಗೆ ಗಾಳಿಯಾಡುವಂತೆ ಬಿದಿರಿನ ಚೌಕಟ್ಟು ಕಟ್ಟಿ, ಅದರ ಮೇಲೆ ಹೊದಿಕೆ ಹಾಕುವ ಯೋಚನೆಯಲ್ಲಿದ್ದಾರೆ. ಅಲಿಬಾಗ್ ಕಡೆ ಉದ್ದದ ಬಿದಿರು ಸರಿಯಾದ ಬೆಲೆಗೆ ಸಿಗುವ ಜಾಗ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಸಂಘದ ಕಚೇರಿಯಲ್ಲಿ ಒಂದು ಚೀಟಿ ಬಿಟ್ಟು ಹೋಗಿ, ನಾನು ಅವರಿಗೆ ತಲುಪಿಸುತ್ತೇನೆ.